ಪೆಟ್ಟಿಗೆಯೊಳಗಿನ ಕನ್ನಡ

ಕೊಪ್ಪದಲ್ಲಿ ಇನ್ನೂ ಯಾರ ಕೈಯಲ್ಲೂ ಮೊಬೈಲು ಕಾಣದಿದ್ದ ಆ ದಿನಗಳಲ್ಲಿ ಸುದ್ದಿಗಳೆಲ್ಲ ಬಸ್ಸಿನಲ್ಲೇ ಬರುತ್ತಿದ್ದವು. ನಮ್ಮ ಮನೆಗೆ ಅನುಮಾನ ಬಂದದ್ದೂ ಹಾಗೆಯೇ. ಒಂದು ಬೇಸಿಗೆ ರಜೆಯ ಸಂಜೆ, ನರಸಿಂಹರಾಜಪುರದ ಬಸ್ಸಿನಲ್ಲಿ, ಅಪ್ಪಯ್ಯನ ಜೊತೆಗೆ ಬಂದು ಇಳಿಯಿತು.

ಅಪ್ಪಯ್ಯನದು ಒಂದು ಕಂಪನಿ. ಶಾಲೆಯಲ್ಲಿ ನಾನು ಹಾಗೆಂದರೆ ಮೇಷ್ಟ್ರೂ ನಗುತ್ತಿದ್ದರು. ಇದ್ದದ್ದು ಮನೆ ಪಕ್ಕದ ಒಂದು ತಗಡಿನ ಶೆಡ್ಡು, ಒಂದು ದೊಡ್ಡ ಬೋರ್ಡು. ಕೆಲಸಕ್ಕೆ ಅಪ್ಪಯ್ಯ ಮತ್ತು ಭಾಗೀರಥಕ್ಕ ಇಬ್ಬರೇ. ಒಳಗೆ ಕಾಲಿಟ್ಟರೆ ಸೀಮೆಎಣ್ಣೆ, ಶಾಯಿ, ಕಾದ ರಬ್ಬರಿನ ವಾಸನೆ. ನಡುವೆ ಎಲ್ಲೋ ಅಮ್ಮ ಕಳಿಸಿದ ಹಲಸಿನ ಹಪ್ಪಳದ್ದು. ಶೆಡ್ಡಿಗೆ ಬಂದವರು ಯಾರೇ ಇರಲಿ, ಹಪ್ಪಳ ಕಾಫಿ ಆಗದೆ ಹೋಗುವಂತಿರಲಿಲ್ಲ.

ಅಲ್ಲಿ ತಯಾರಾಗುತ್ತಿದ್ದದ್ದು ಕೈಯಚ್ಚಿನ ಯಂತ್ರ. ಕಾಫಿಪುಡಿಯವರು, ಬೇಕರಿಯವರು ತಮ್ಮ ಅಂಗಡಿಯ ಹೆಸರನ್ನು ಚೀಲದ ಮೇಲೆ ತಾವೇ ಒತ್ತಿಕೊಳ್ಳುವಂಥದ್ದು. ಅಮ್ಮ ಶಾವಿಗೆ ಒರಳಿನ ಹಿಡಿಗೆ ಜೋತುಬಿದ್ದು ಶಾವಿಗೆ ಒತ್ತುತ್ತಿದ್ದದ್ದನ್ನು ನೋಡಿ ಅಪ್ಪಯ್ಯನಿಗೆ ಹೊಳೆದದ್ದಂತೆ. "ಹೊಳೆದದ್ದು ಅವರಿಗೆ, ಒರಳು ಹೋದದ್ದು ನಂದು" ಎಂದು ಅಮ್ಮ ಬಂದವರ ಹತ್ತಿರವೆಲ್ಲ ಹೇಳುತ್ತಿದ್ದಳು.

ಚೀಲಕ್ಕೆ ಹೊಲಿಗೆ ಇರುತ್ತದೆ, ಮಡಿಕೆ ಇರುತ್ತದೆ. ಗಟ್ಟಿ ಹಲಗೆಯ ಮೇಲಿಟ್ಟು ಒತ್ತಿದರೆ ಅರ್ಧ ಅಕ್ಷರ ಮೂಡಿ ಅರ್ಧ ಹಾರಿಹೋಗುತ್ತಿತ್ತು. ಅದಕ್ಕೆ ಅಪ್ಪಯ್ಯ ಸೈಕಲ್ ಟ್ಯೂಬಿನಲ್ಲಿ ತೌಡು ತುಂಬಿಸಿ, ಬಾಯಿ ಹೊಲಿದು, ಚೀಲದ ಅಡಿಗೆ ಒಂದು ದಿಂಬು ಮಾಡಿದ್ದ. ಆ ತೌಡಿನ ದಿಂಬೇ ಕಂಪನಿಯ ಗುಟ್ಟು.

ಭಾಗೀರಥಕ್ಕನ ಕೆಲಸ ಅಕ್ಷರಗಳದ್ದು. ರಬ್ಬರಿನ ಅಚ್ಚುಗಳ ಅಂಚನ್ನು ಬ್ಲೇಡಿನಿಂದ ಸವರಿ, ಮರದ ಪೆಟ್ಟಿಗೆಯ ಖಾನೆಗಳಲ್ಲಿ ಜೋಡಿಸಿಡುವುದು. ಅಪ್ಪಯ್ಯ "ಕ" ಎಂದರೆ ಕ, "ಳ" ಎಂದರೆ ಳ, ಕಣ್ಣು ಮುಚ್ಚಿ ತೆಗೆದುಕೊಡುತ್ತಿದ್ದಳು. ಉಳಿದ ರಬ್ಬರ್ ಚೂರು ನನಗೆ. ಕುಂಟೆಬಿಲ್ಲೆ ಆಡಲು ಅದಕ್ಕಿಂತ ಒಳ್ಳೆಯ ಬಿಲ್ಲೆ ಇಡೀ ಕೊಪ್ಪದಲ್ಲಿ ಇರಲಿಲ್ಲ. ಒಮ್ಮೆ ಒಣಗಲು ಹಾಕಿದ ಹಪ್ಪಳಗಳಿಗೆಲ್ಲ ನನ್ನ ಹೆಸರು ಒತ್ತಿ ಅಮ್ಮನಿಂದ ಬೈಸಿಕೊಂಡಾಗ, ನನ್ನನ್ನು ಸೆರಗಿನೊಳಗೆ ಅಡಗಿಸಿಕೊಂಡವಳೂ ಅವಳೇ.

ಆ ಸಂಜೆ ಬಸ್ಸಿಳಿದು ಬಂದ ಅಪ್ಪಯ್ಯ ಕೈಕಾಲು ತೊಳೆಯದೆ ಜಗಲಿಯಲ್ಲಿ ಕೂತ.

"ಅಲ್ಲಿ ಒಂದು ಅಂಗಡೀಲಿ ನಮ್ಮ ಮಿಷನ್ನೇ ಇದೆ ಮಾರಾಯ್ತಿ. ಬೇರೆಯವರು ಮಾಡಿದ್ದು. ಹಿಡಿ ಅದೇ, ಅಳತೆ ಅದೇ. ಅಡಿಗೆ ಕೈ ಹಾಕಿ ನೋಡ್ದೆ, ತೌಡಿನ ದಿಂಬು!"

"ತೌಡಿನ ವಿಷಯ ಗೊತ್ತಿದ್ದದ್ದು ಯಾರಿಗೆ?" ಎಂದಳು ಅಮ್ಮ.

ಅಪ್ಪಯ್ಯ ಬೆರಳು ಮಡಚಿದ. ತಾನು, ಅಮ್ಮ. ಮೂರನೆಯ ಬೆರಳನ್ನು ಮಡಚದೆ ಹಾಗೇ ಹಿಡಿದುಕೊಂಡ. ಭಾಗೀರಥಕ್ಕನ ಮಗಳ ಮನೆ ಇದ್ದದ್ದು ನರಸಿಂಹರಾಜಪುರದಲ್ಲೇ.

ಮರುದಿನದಿಂದ ಶೆಡ್ಡಿನ ಗಾಳಿಯೇ ಬೇರೆಯಾಯಿತು. ತೌಡಿನ ಡಬ್ಬಿ ಅಡುಗೆಮನೆಯ ಅಟ್ಟಕ್ಕೆ ಹತ್ತಿತು. "ಡಬ್ಬಿ ಎಲ್ಲಿ ಅಯ್ಯ?" ಎಂದು ಭಾಗೀರಥಕ್ಕ ಕೇಳಿದರೆ, "ಇಲಿ ಕಾಟ" ಎಂದ ಅಪ್ಪಯ್ಯ. ಅವಳ ಲೋಟಕ್ಕೆ ಕಾಫಿ ಎಂದಿನಂತೆ ಬೀಳುತ್ತಿತ್ತು, ಮಾತು ಬೀಳುತ್ತಿರಲಿಲ್ಲ. ಅಮ್ಮ ನನ್ನ ಕಿವಿಯಲ್ಲಿ, "ಎಂತಕ್ಕೂ ಅವಳ ಮೇಲೊಂದು ಕಣ್ಣಿಟ್ಟಿರು ಕೂಸೆ" ಎಂದಳು.

ಒಂಬತ್ತು ವರ್ಷದವಳಿಗೆ ಇಷ್ಟು ಸಾಕಾಗಿತ್ತು. ಕುಂಟೆಬಿಲ್ಲೆ ಬಿಟ್ಟೆ, ಕಿಟಕಿಯ ಕೆಳಗೆ ಕೂತೆ. ನೋಡುತ್ತಾ ಹೋದಂತೆ ಅವಳು ಮಾಡುವುದೆಲ್ಲ ಕಳ್ಳತನದಂತೆಯೇ ಕಂಡಿತು. ಕೆಮ್ಮಿದರೆ ಸನ್ನೆ. ಸೊಂಟ ಹಿಡಿದು ನಿಂತರೆ ಯಾರನ್ನೋ ಕಾಯುತ್ತಿದ್ದಾಳೆ. ಯಂತ್ರದ ಹಿಡಿಯ ಪಕ್ಕ ನಿಂತು ತನ್ನ ನೆತ್ತಿಯಿಂದ ಹಿಡಿಯವರೆಗೆ ಬೆರಳಲ್ಲಿ ಅಳೆಯುವುದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಆಚೀಚೆ ನೋಡಿ ಒಂದು ಕಾಗದದ ಮೇಲೆ ಏನೋ ಗೀಚಿ, ಊಟದ ಚೀಲದೊಳಗೆ ತುರುಕಿದಳು.

ಅವಳು ಕೈ ತೊಳೆಯಲು ಹೋದಾಗ ಆ ಕಾಗದ ನನ್ನ ಲಂಗದ ಜೇಬು ಸೇರಿತು.

ಅಪ್ಪಯ್ಯ ಅದನ್ನು ಬಿಡಿಸಿದ. ಯಂತ್ರದ ಚಿತ್ರ, ಹಿಡಿಗೊಂದು ಗೀಟು, ಕೆಳಗೆ ಮೂರು ಸಾಲು ಬರಹ. ಒಂದಕ್ಷರವೂ ಓದಲು ಬರಲಿಲ್ಲ.

"ಗುಪ್ತ ಲಿಪಿ" ಎಂದ ಅಪ್ಪಯ್ಯ.

"ಮಾಟ ಗೀಟ ಅಲ್ಲ ತಾನೇ?" ಎಂದು ಅಮ್ಮ ಎರಡು ಹೆಜ್ಜೆ ಹಿಂದೆ ಸರಿದಳು.

ಭಾಗೀರಥಕ್ಕನನ್ನು ಜಗಲಿಗೆ ಕರೆದರು. ಅಪ್ಪಯ್ಯ ಕಾಗದವನ್ನು ಮುಂದೆ ಹಿಡಿದ. "ಇದು ಯಾರಿಗೆ ಬರೆದದ್ದು? ಸತ್ಯ ಹೇಳಿ ನಾಳೆಯಿಂದ ಮನೇಲಿರು."

ಅವಳ ಮುಖದಲ್ಲಿ ಮೊದಲು ಬಂದದ್ದು ನಾಚಿಕೆ. "ನಿಮಗೇ ಅಯ್ಯ. ಅಕ್ಷರ ಸೊಟ್ಟ ಇದೆ ಅಂತ ಕೊಡ್ಲಿಲ್ಲ."

"ನನಗಾ? ಇದು ಯಾವ ಭಾಷೆ?"

"ಕನ್ನಡ ಅಲ್ವಾ?" ಅವಳು ನಮ್ಮೆಲ್ಲರ ಮುಖ ನೋಡಿದಳು. "ನಮ್ಮ ಪೆಟ್ಟಿಗೆಲಿರೋ ಕನ್ನಡವೇ. ನಾ ಶಾಲೆಗೆ ಹೋದವಳಲ್ಲ. ನೀವು ಕ ಕೊಡು, ಮ ಕೊಡು ಅಂತ ಕೇಳ್ತಾ ಕೇಳ್ತಾ ಕಲ್ತದ್ದು."

ಅಚ್ಚಿನಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿಕೊಂಡಿರುತ್ತದೆ, ಸಾಲು ಬಲದಿಂದ ಎಡಕ್ಕೆ ಓಡುತ್ತದೆ. ಅವಳ ಕೆಲಸ ಪೆಟ್ಟಿಗೆಯೊಂದಿಗೆ ಮುಗಿಯುತ್ತಿತ್ತು. ಒತ್ತುವವನು ಅಪ್ಪಯ್ಯ, ಅವನು ನೋಡುತ್ತಿದ್ದದ್ದು ಚೀಲದ ಮೇಲೆ ನೆಟ್ಟಗೆ ಮೂಡಿದ್ದನ್ನಷ್ಟೇ. ಕನ್ನಡ ಇರುವುದೇ ಹಾಗೆ ಎಂದು ಅವಳು ತಿಳಿದಿದ್ದಳು. ನಾನು ಕಾಗದವನ್ನು ಕಸಿದುಕೊಂಡು, ಅದರ ಬೆನ್ನು ನನ್ನ ಕಡೆಗೆ ತಿರುಗಿಸಿ ಬಿಸಿಲಿಗೆ ಹಿಡಿದೆ. ಅಕ್ಷರಗಳು ನೆಟ್ಟಗೆ ನಿಂತವು. ಗಟ್ಟಿಯಾಗಿ ಓದಿದೆ:

"ಹಿಡಿ ಎತ್ತರ ಆತು. ಗಿಡ್ಡ ಹೆಂಗಸರಿಗೆ ಸೊಂಟ ನೋವು. ನಾಕು ಬೆರಳು ತಗ್ಗಿಸಿ."

ಅಮ್ಮ ಮೆಲ್ಲಗೆ ಹೇಳಿದಳು: "ಯುಗಾದಿ ಹೊತ್ತಿಗೆ ಒಬ್ಬರು ಬಂದಿದ್ರಲ್ಲ, ಯಂತ್ರ ಕೊಳ್ತೇನೆ ಅಂತ. ಹನ್ನೆರಡು ಹಪ್ಪಳ ತಿಂದವರು. ಅವರಿಗೆ ನೀವು ಎಲ್ಲ ತೋರಿಸಿದ್ರಿ ಕಾಣ್ತದೆ."

ಅಪ್ಪಯ್ಯ ಕಂಬಕ್ಕೆ ಒರಗಿದ. "ದಿಂಬು ಬಿಚ್ಚಿ ತೋರಿಸ್ದೆ. ಅವರು ಅಳತೆ ತಗೊಳ್ಳೋಕೆ ಟೇಪು ಕೊಟ್ಟದ್ದೂ ನಾನೇ ಮಾರಾಯ್ತಿ. ಬಂದವರು ಕೇಳಿದ್ಮೇಲೆ ಇಲ್ಲ ಅನ್ನೋದು ಹೆಂಗೆ?"

ಆಮೇಲೆ ಅಪ್ಪಯ್ಯ ಭಾಗೀರಥಕ್ಕನಿಗೆ ಕೈ ಮುಗಿದು, ಮತ್ತೆ ಕೆಲಸಕ್ಕೆ ಬಾ ಎಂದು ಕರೆದ. ನಾನು, "ನೆಟ್ಟಗೆ ಬರೆಯೋದು ನಾ ಕಲಿಸ್ತೇನೆ ಭಾಗೀರಥಕ್ಕ" ಎಂದು ಅವಳ ಸೆರಗು ಹಿಡಿದೆ. ಅವಳು ಜಗಳವಾಡಲಿಲ್ಲ. ಅರ್ಧವಾಗಿದ್ದ ಪೆಟ್ಟಿಗೆಯನ್ನು "ಅ"ದಿಂದ "ಳ"ದವರೆಗೆ ತುಂಬಿಸಿಕೊಟ್ಟಳು. ಅದಕ್ಕೆ ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಬರಲಿಲ್ಲ. "ಅಟ್ಟಕ್ಕೆ ಹತ್ತಿದ ಡಬ್ಬಿ ಇಳಿಸಬಹುದು, ಇನ್ನು 'ಅಯ್ಯ' ಅನ್ನಲಿಕ್ಕೆ ಬಾಯಿ ಬರೂದಿಲ್ಲ" ಎಂದು ಅಮ್ಮನ ಹತ್ತಿರ ಹೇಳಿ ಹೋಗಿದ್ದಳಂತೆ.

ಹಿಡಿ ನಾಲ್ಕು ಬೆರಳು ತಗ್ಗಿತು. ಅಂಗಡಿಗಳ ಹೆಂಗಸರು ಅದನ್ನೇ ಕೇಳಿ ಕೊಳ್ಳತೊಡಗಿದರು. ಎತ್ತರದ ಹಿಡಿಯನ್ನು ನಕಲು ಮಾಡಿದವರಿಗೆ ಈ ತಗ್ಗಿನ ಗುಟ್ಟು ಸಿಕ್ಕಿರಲಿಲ್ಲ.

ಈಗ ಆ ಶೆಡ್ಡಿನ ಜಾಗದಲ್ಲಿ ಫ್ಲೆಕ್ಸ್ ಅಂಗಡಿ ಇದೆ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಅಕ್ಷರ ತಿರುಗುತ್ತದೆ, ಇನ್ನೊಮ್ಮೆ ಒತ್ತಿದರೆ ನೆಟ್ಟಗಾಗುತ್ತದೆ. ಬಾಗಿಲ ಮೇಲೆ ಕ್ಯಾಮೆರಾ, ಬಂದವರಿಗೆ ಹಪ್ಪಳವಿಲ್ಲ. ಆ ಕಾಗದ ನನ್ನ ಹತ್ತಿರವೇ ಉಳಿದಿದೆ. ಎಣಿಸಿ ನೋಡಿದರೆ ಆ ಬೇಸಿಗೆಯಲ್ಲಿ ನಮ್ಮ ಶೆಡ್ಡಿನಿಂದ ಕಳುವಾದದ್ದು ಅದೊಂದೇ, ಕದ್ದವಳು ನಾನು.

ಕಳೆದ ವರ್ಷ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಮುದುಕಿಯೊಬ್ಬಳು ನನ್ನ ತೋಳು ಮುಟ್ಟಿ, "ಇದು ಯಾವ ಕಡೆ ಬಸ್ಸು ನೋಡ್ತೀಯಾ?" ಎಂದಳು. ದನಿಯಿಂದಲೇ ಗುರುತು ಹತ್ತಿತು. ಅವಳಿಗೂ ಹತ್ತಿತು. ಬೋರ್ಡು ಓದಿ ಹೇಳಿದೆ. ಅವಳು ಮೆಟ್ಟಿಲು ಹತ್ತುತ್ತಾ ತಿರುಗಿ ನಕ್ಕಳು.

"ಕಲಿಸ್ತೇನೆ ಅಂದಿದ್ದೆಯಲ್ಲೇ ಕೂಸೆ."