ಪಕ್ಕದ ಮೇಜಿನ ಕಾಲರುಗಳು

ಹೋಟೆಲಿನ ಲಾಂಡ್ರಿಯಲ್ಲಿ ಅವರನ್ನು ಎಲ್ಲರೂ ‘ಮಾವ’ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವರು ಮಾವನಾಗಿದ್ದದ್ದು ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡುತ್ತಿದ್ದವಳಿಗೆ ಮಾತ್ರ. ಮಗ ತೀರಿಕೊಂಡ ಮೇಲೆ ಸೊಸೆಯನ್ನು ತಾವೇ ಕರೆತಂದು ಕೆಲಸ ಕಲಿಸಿದ್ದರು. ಇಬ್ಬರ ದುಡಿಮೆಯಲ್ಲಿ ಮನೆ ನಡೆಯುತ್ತಿತ್ತು. ಮಾವನದು ಕಾಯಂ ಕೆಲಸ, ಅವಳದಿನ್ನೂ ತಾತ್ಕಾಲಿಕ.

ನಾನು ಅಲ್ಲಿನ ಸಿಬ್ಬಂದಿ ವಿಭಾಗದವಳು. ಅಂಕ ಹಾಕುವುದೆಂದರೆ ನಮಗೆ ಪಂಚಪ್ರಾಣ. ಸಾಮರ್ಥ್ಯವೆಂದರೆ ತಿಳಿವಳಿಕೆ, ಕೈಚಳಕ, ಮನಸ್ಸು ಮೂರೂ ಸೇರಿದ್ದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಮನಸ್ಸನ್ನು ಅಳೆಯುವುದು ಹೇಗೆಂದು ಮಾತ್ರ ಯಾರೂ ಹೇಳಿರಲಿಲ್ಲ. ಹಾಗಾಗಿ ಸಂಜೆಯ ಹೊತ್ತಿಗೆ ಒಬ್ಬೊಬ್ಬರ ರಾಶಿಯಲ್ಲಿದ್ದ ಶರ್ಟು ಎಣಿಸಿ, ಕಾಲರು ನೋಡಿ, ಅಂಕ ಕೊಟ್ಟೆವು. ಮಾವ ಎಲ್ಲರಿಗಿಂತ ಮೇಲೆ ಬಂದರು. ಸೊಸೆಗೆ ಕೊನೆಯ ಸ್ಥಾನ: ‘ನಿಧಾನ. ಮುಂದುವರಿಸುವುದು ಬೇಡ.’ ಫಲಿತಾಂಶವನ್ನು ಗೋಡೆಗೆ ಅಂಟಿಸಿ ನೆಮ್ಮದಿಯಾಗಿ ಕಾಫಿ ಕುಡಿದೆ.

ಮರುದಿನ ಮಧ್ಯಾಹ್ನ ಮಾವ ನನ್ನ ಕೋಣೆಗೆ ಬಂದು, ಕುರ್ಚಿಯನ್ನು ತಡವಿ ಹುಡುಕಿ ಕೂತರು.

“ಅವಳು ನಿಧಾನ ಅಲ್ಲಮ್ಮಾ, ಇಬ್ಬರ ಕೆಲಸ ಮಾಡ್ತಾಳೆ. ನನ್ನ ಕಣ್ಣು ಮಂಜಾಗಿ ಎಷ್ಟೋ ತಿಂಗಳಾಯ್ತು. ನಾನು ಸುಕ್ಕು ಬಿಟ್ಟ ಶರ್ಟೆಲ್ಲ ಅವಳ ಮೇಜಿಗೆ ಹೋಗುತ್ತೆ, ನೆಟ್ಟಗಾಗಿ ನನ್ನ ರಾಶಿಗೇ ವಾಪಸ್ ಬರುತ್ತೆ. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದಾಳೆ.”

“ಗೊತ್ತಿದ್ದೂ ಸುಮ್ಮನಿದ್ರಾ?”

“ಕೆಲಸ ಹೋದ್ರೆ ಮನೇಲಿ ಅವಳಿಗೆ ಭಾರ ಆಗ್ತೀನಲ್ಲ ಅಂತ ಬಾಯಿ ಮುಚ್ಕೊಂಡಿದ್ದೆ. ಈಗ ನೋಡಿದ್ರೆ ಅವಳ ಅನ್ನಕ್ಕೇ ಕಲ್ಲು ಹಾಕಿದ ಹಾಗಾಯ್ತು. ನನ್ನನ್ನ ಬಿಡಿಸಿಬಿಡಿ, ಅವಳನ್ನ ಇಟ್ಕೊಳ್ಳಿ.”

ನನಗೆ ನಮ್ಮ ಅಂಕಗಳ ಮೇಲೆ ವಿಪರೀತ ಸಿಟ್ಟು ಬಂತು, ಆ ಮುದುಕರ ಮೇಲೆ ಅಷ್ಟೇ ಪ್ರೀತಿಯೂ ಬಂತು.

ಮರುದಿನ ಸೊಸೆಗೆ ಬೇರೆ ಕೋಣೆಯಲ್ಲಿ ಅವಳ ಪಾಲಿನ ಶರ್ಟುಗಳನ್ನಷ್ಟೇ ಕೊಟ್ಟೆವು. ನೋಡನೋಡುತ್ತಿದ್ದಂತೆ ಮುಗಿಸಿಬಿಟ್ಟಳು. ಕೆಲಸ ಕಾಯಂ ಆಯಿತೆಂದು ಹೇಳಿದೆ. ಮಾವ ಕೆಲಸ ಬಿಟ್ಟದ್ದನ್ನೂ ಹೇಳಿದೆ. ಅವಳು ಓಡಿಹೋಗಿ ಹೊರಗೆ ಬೆಂಚಿನ ಮೇಲೆ ಕೂತಿದ್ದ ಮಾವನ ಮೇಲೆ ಹರಿಹಾಯ್ದಳು.

“ನಿಮ್ಮನ್ನ ಯಾರು ಕೇಳಿದ್ರು ಮಾವ? ನನಗೊಂದು ಮಾತು ಹೇಳಬಾರದಿತ್ತಾ?”

“ಇಷ್ಟು ದಿನ ನೀನೇನು ನನಗೆ ಹೇಳಿ ಮಾಡಿದ್ಯಾ?”

ಅವಳಿಗೆ ನಗುವೂ ಬಂತು, ಅಳುವೂ ಬಂತು. ಮೂಗು ಒರೆಸಿಕೊಂಡು ಮೆಟ್ಟಿಲ ಬಳಿ ಕೈ ಚಾಚಿದಳು. ಯಾರಿಗೂ ತಿಳಿಯದಿರಲೆಂದು ಇಷ್ಟು ದಿನ ಗೋಡೆ ಸವರಿಕೊಂಡೇ ಇಳಿಯುತ್ತಿದ್ದ ಮಾವ, ಲಾಂಡ್ರಿಯವರೆಲ್ಲ ನೋಡುತ್ತಿದ್ದಂತೆ ಸೊಸೆಯ ಕೈ ಹಿಡಿದುಕೊಂಡರು.