ಹನ್ನೊಂದು ಗಂಟೆಯ ಊಟ

ಹೊಸಪೇಟೆಯಲ್ಲಿ ಬಿಳಿ ಬಟ್ಟೆ ಒಣಹಾಕಲು ಯೋಚಿಸಬೇಕಾಗಿದ್ದ ವರ್ಷಗಳು ಅವು. ಸಂಡೂರಿನ ಗುಡ್ಡಗಳಿಂದ ಅದಿರು ತುಂಬಿಕೊಂಡ ಲಾರಿಗಳು ಹಗಲು ರಾತ್ರಿ ಎನ್ನದೆ ಇಳಿಯುತ್ತಿದ್ದವು. ಬೆಳಿಗ್ಗೆ ಹಗ್ಗಕ್ಕೆ ಹಾಕಿದ ಅಂಗಿ ಸಂಜೆಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತಿತ್ತು. ನಮ್ಮ ಯಜಮಾನರು ಸಂಡೂರಿನಾಚೆಯ ಒಂದು ಖಾಸಗಿ ಗಣಿಯಲ್ಲಿ ಲಾರಿಗಳ ತೂಕ ಹಾಕಿಸುವ ಸೂಪರ್‌ವೈಸರ್ ಆಗಿದ್ದರು. ನಾನು ಟಿ.ಬಿ. ಡ್ಯಾಂನ ಒಂದು ಶಾಲೆಯಲ್ಲಿ ಟೀಚರ್. ನಮಗೆ ಇಬ್ಬರು ಮಕ್ಕಳು. ದೊಡ್ಡವಳು ಮೂರನೇ ಕ್ಲಾಸಿನಲ್ಲಿದ್ದಳು, ಸಣ್ಣವನು ಇನ್ನೂ ಶಾಲೆಗೆ ಸೇರಿರಲಿಲ್ಲ.

ಯಜಮಾನರ ಕೆಲಸ ಮುಗಿಯುವ ಹೊತ್ತಿಗೂ ಅವರು ಮನೆ ಸೇರುವ ಹೊತ್ತಿಗೂ ಸಂಬಂಧವೇ ಇರಲಿಲ್ಲ. ಗಣಿಯ ಜೀಪು ಅವರನ್ನು ಕರೆತರುತ್ತಿತ್ತು. ದಾರಿಯಲ್ಲಿ ಒಂದು ಲಾರಿ ಅಚ್ಚು ಮುರಿದುಕೊಂಡು ನಿಂತರೆ ಸಾಕು, ಅದರ ಹಿಂದೆ ಕಣ್ಣು ಹಾಯುವವರೆಗೂ ಸಾಲು. ಮೊದಮೊದಲು ಜಾಮ್‌ನಲ್ಲಿ ಸಿಕ್ಕಿದ್ದೇನೆ ಎಂದು ಫೋನ್ ಮಾಡುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು. ಹನ್ನೊಂದಕ್ಕೆ ಬರುವುದು ರೂಢಿಯಾಯಿತು. ಬಂದು ಮೈಮೇಲೆ ನೀರು ಹಾಕಿಕೊಂಡರೆ ಬಚ್ಚಲಿನಲ್ಲಿ ಕೆಂಪು ನೀರು ಹರಿಯುತ್ತಿತ್ತು. ಅಷ್ಟರಲ್ಲಿ ನಾನು ಸಾರು ಬಿಸಿ ಮಾಡಿ, ರೊಟ್ಟಿ ಬಡಿದು, ಎರಡು ತಾಟು ಇಡುತ್ತಿದ್ದೆ.

ಆ ಎರಡು ತಾಟುಗಳ ಮುಂದೆ ಕೂರುವ ಅರ್ಧ ತಾಸು ನನಗೆ ದಿನದಲ್ಲಿ ಎಲ್ಲಕ್ಕಿಂತ ಬೇಕಾದದ್ದಾಗಿತ್ತು. ಬೆಳಿಗ್ಗೆ ಮಕ್ಕಳು ಏಳುವ ಮೊದಲೇ ಅವರು ಹೊರಟುಬಿಡುತ್ತಿದ್ದರು. ಭಾನುವಾರವೂ ರಜೆ ಸಿಗುವುದು ಖಾತ್ರಿ ಇರಲಿಲ್ಲ. ಗಂಡ ಹೆಂಡತಿ ಎದುರುಬದುರು ಕೂತು ಮಾತಾಡುವುದು ಆ ಹೊತ್ತಿನಲ್ಲಿ ಮಾತ್ರ. ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೊಂದಿಷ್ಟು ಅನ್ನ, ಮೊಸರು. ಉಂಡು ತಾಟಿಗೆ ನೀರು ಬಿಟ್ಟು ಹಾಗೆಯೇ ಮಲಗಿಬಿಡುತ್ತಿದ್ದೆವು. ಪಾತ್ರೆ ತೊಳೆಯುವುದು ಬೆಳಿಗ್ಗೆಗೆ.

ಎರಡು ವರ್ಷ ಹೀಗೆ ಕಳೆಯುವಷ್ಟರಲ್ಲಿ ನನ್ನ ಮೈ ಬದಲಾಗಿತ್ತು. ಮದುವೆಯ ಕಾಲದ ಕುಪ್ಪಸಗಳನ್ನು ಬಿಚ್ಚಿ ಹೊಲಿಸಿಕೊಳ್ಳಲು ಒಳಗಿನ ಬಟ್ಟೆಯೂ ಮುಗಿದಿತ್ತು. ನೆಂಟರು ಬಂದಾಗ ಅವರನ್ನು ಹಂಪಿಗೆ ಕರೆದುಕೊಂಡು ಹೋದರೆ, ಹೇಮಕೂಟದ ಬಂಡೆಯ ಮೇಲೆ ಅವರೆಲ್ಲ ಸರಸರ ಹತ್ತುತ್ತಿದ್ದರು, ನಾನು ಕೆಳಗೆ ಚಪ್ಪಲಿ ಕಾಯುತ್ತ ಕೂರುತ್ತಿದ್ದೆ. ಅದಕ್ಕಿಂತ ಹೆಚ್ಚಾಗಿ ಕಾಡುತ್ತಿದ್ದದ್ದು ನಿದ್ದೆ. ಮಲಗಿದ ಕೂಡಲೇ ಕಣ್ಣು ಮುಚ್ಚುತ್ತಿತ್ತು, ಆದರೆ ಸ್ವಲ್ಪ ಹೊತ್ತಿಗೇ ಎಚ್ಚರವಾಗುತ್ತಿತ್ತು. ಎದೆಯ ನಡುವೆ ಉರಿ, ಗಂಟಲಲ್ಲಿ ಹುಳಿ ನೀರು. ಪಕ್ಕದಲ್ಲಿ ಯಜಮಾನರು ಗೊರಕೆ ಹೊಡೆಯುತ್ತ, ನಡುನಡುವೆ ಎದ್ದು ಕೂತು ನೀರು ಕುಡಿಯುತ್ತ ಹೊರಳಾಡುತ್ತಿದ್ದರು. ಬೆಳಿಗ್ಗೆ ಇಬ್ಬರ ಮುಖವೂ ಊದಿರುತ್ತಿತ್ತು. ಕ್ಲಾಸಿನಲ್ಲಿ ಮಕ್ಕಳಿಗೆ ಕಾಗುಣಿತ ಬರೆಯಲು ಹೇಳಿ ನಾನು ಕೂತಲ್ಲೇ ತೂಕಡಿಸಿದ್ದೂ ಉಂಟು.

ನಮ್ಮ ಎದುರುಮನೆಯವರು ಲಾರಿ ಕಾಂಟ್ರಾಕ್ಟರರು. ಗಣಿ ಜೋರಾದ ಮೇಲೆ ಅವರ ಮನೆಗೆ ಮೊದಲು ಎರಡನೇ ಮಹಡಿ ಬಂತು, ಆಮೇಲೆ ನಿಂತಲ್ಲೇ ಓಡುವ ಮಷೀನು ಬಂತು. ಆ ಮನೆಯ ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವರು, ನೋಡಲು ನನಗಿಂತ ಚಿಕ್ಕವರು. ಒಂದು ಸಂಜೆ ಕಾಲುವೆ ದಂಡೆಯ ಮೇಲೆ ವಾಕಿಂಗ್ ಹೋಗುವಾಗ ನನ್ನನ್ನೂ ಕರೆದರು. ಸ್ವಲ್ಪ ದೂರ ನಡೆಯುವಷ್ಟರಲ್ಲಿ ನನ್ನ ಉಸಿರು ಕೇಳಿ ನಿಂತರು.

“ಟೀಚರ್, ನೀವು ರಾತ್ರಿ ಎಷ್ಟೊತ್ತಿಗೆ ಉಣ್ತೀರಿ?”

ಹೇಳಿದೆ.

“ಅದಕ್ಕ ಹಿಂಗ ಆಗೀರಿ. ಏಳರ ಮ್ಯಾಗ ತಿಂದಿದ್ದೆಲ್ಲ ಕೊಬ್ಬಾಗಿ ಕುಂದ್ರತೈತಿ. ನಾ ಏಳಕ್ಕ ಬಾಯಿ ಮುಚ್ಚಿದ್ರ ಮುಗೀತು, ನೀರು ಬಿಟ್ರ ಏನೂ ಇಲ್ಲ. ಒಂದು ತಿಂಗಳು ಮಾಡಿ ನೋಡ್ರಿ, ಆಮ್ಯಾಲೆ ಹೇಳ್ರಿ.”

ಮರುದಿನದಿಂದಲೇ ಶುರು ಮಾಡಿದೆ. ಶಾಲೆಯಿಂದ ಬಂದು ದೀಪ ಹಚ್ಚುವುದರೊಳಗೆ ಎರಡು ಚಪಾತಿ, ಒಂದಿಷ್ಟು ಪಲ್ಯ ತಿಂದು ಬಾಯಿ ತೊಳೆದುಬಿಡುತ್ತಿದ್ದೆ. ಒಂಬತ್ತಕ್ಕೆಲ್ಲ ಹೊಟ್ಟೆ ಗುರುಗುಡುತ್ತಿತ್ತು. ಹನ್ನೊಂದಕ್ಕೆ ಯಜಮಾನರಿಗೆ ಬಡಿಸುವಾಗ ಬದನೆಕಾಯಿಯ ಒಗ್ಗರಣೆ ವಾಸನೆ ತಡೆಯಲಾಗದೆ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಮೊದಲ ದಿನ ಅವರು ಒಂದೇ ತಾಟು ಕಂಡು ಕೇಳಿದರು:

“ನಿಂದು ಎಲ್ಲಿ?”

“ನಂದು ಆತ್ರಿ. ಇನ್ನ ಮ್ಯಾಲೆ ಜಲ್ದಿ ಉಣ್ತೀನಿ. ದಪ್ಪ ಆಗೀನಿ ಅಂತಾರ ಎಲ್ಲಾರೂ.”

ಅವರು ತಲೆ ತಗ್ಗಿಸಿ ಒಂದೇ ರೊಟ್ಟಿ ಉಂಡು ಎದ್ದರು. ಮಾತಿಗೆಂದು ನಾನು ಎದುರು ಕೂತರೆ ಕಣ್ಣು ತಾಟಿನ ಮೇಲೇ ಹೋಗುತ್ತಿತ್ತು, ಹಾಗಾಗಿ ಕೂರುವುದನ್ನೂ ಬಿಟ್ಟೆ. ಮಲಗಿದರೆ ಹಸಿವಿಗೆ ನಿದ್ದೆಯಿಲ್ಲ. ಎದೆ ಉರಿಯೇನೋ ಕಡಿಮೆಯಾಗಿತ್ತು, ಆದರೆ ಮನೆಯಲ್ಲಿ ಮಾತೇ ಇಲ್ಲದಂತಾಗಿ ಮನಸ್ಸಿಗೆ ಬೇಸರ ಹತ್ತಿತು. ತಿಂಗಳು ತುಂಬುವ ಮೊದಲೇ ಒಂದು ದಿನ ಮತ್ತೆ ಎರಡು ತಾಟು ಇಟ್ಟೆ. ಅವರ ಮುಖ ಸ್ವಲ್ಪ ಅರಳಿದಂತೆ ಕಂಡಿತು. ಇಷ್ಟು ದಿನ ತಡೆದುಕೊಂಡಿದ್ದನ್ನೆಲ್ಲ ತೀರಿಸಿಕೊಳ್ಳುವವಳಂತೆ ಅಂದು ಉಂಡೆ. ಆಮೇಲಿನ ದಿನಗಳಲ್ಲೂ ಹಾಗೇ ಉಂಡೆ.

ಆ ಬೇಸಿಗೆಯ ಒಂದು ರಾತ್ರಿ ಎದೆ ಉರಿ ಎಂದಿನಂತೆ ಬಂದದ್ದು ಹೋಗಲೇ ಇಲ್ಲ. ಎಡಭುಜದವರೆಗೂ ಹಿಡಿದಂತಾಯಿತು, ಮೈ ಬೆವೆತಿತು. ನಮ್ಮ ಚಿಕ್ಕಪ್ಪ ಎದೆನೋವು ಎಂದವರು ಆಸ್ಪತ್ರೆಯ ಮೆಟ್ಟಿಲು ಹತ್ತುವ ಮೊದಲೇ ತೀರಿಹೋಗಿದ್ದರು. ನನಗೆ ಅದೇ ಕಣ್ಣ ಮುಂದೆ ಬಂತು. ಮಲಗಿದ್ದ ಮಕ್ಕಳನ್ನು ನೋಡಿ ಅಳು ಬಂದರೂ ತಡೆದುಕೊಂಡು ಗೋಡೆಗೆ ಒರಗಿ ಕೂತೆ. ಯಜಮಾನರು ಎದ್ದು, ನನ್ನ ಬೆನ್ನು ಸವರುತ್ತ, ಬೆಳಗಾಗುವವರೆಗೆ ಪಕ್ಕದಲ್ಲೇ ಕೂತರು. ಕೂತ ಮೇಲೆ ನೋವು ಮೆಲ್ಲಗೆ ಇಳಿಯಿತು. ಆದರೂ ಬೆಳಿಗ್ಗೆ ಜೀಪು ಬಂದು ಹಾರ್ನ್ ಹೊಡೆದಾಗ ಅವರು ಹೊರಗೆ ಹೋಗಿ, “ನಾ ಇವತ್ತು ಬರಂಗಿಲ್ಲ, ನೀವು ಹೋಗ್ರಿ” ಎಂದು ಕಳಿಸಿಬಿಟ್ಟರು. ಆ ದಿನಗಳಲ್ಲಿ ಅವರಿಗೆ ಒಂದು ದಿನ ರಜೆ ಹಾಕುವುದೆಂದರೆ ಸುಲಭವಿರಲಿಲ್ಲ. ಅವರು ಹಾಗೆ ಅಂದದ್ದು ಕೇಳಿ ನನ್ನ ಭಯ ಇನ್ನೂ ಹೆಚ್ಚಾಯಿತು.

ಮಕ್ಕಳನ್ನು ಎದುರುಮನೆಯ ಅಕ್ಕನಲ್ಲಿ ಬಿಟ್ಟು ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಅಲ್ಲಿದ್ದ ಡಾಕ್ಟರಮ್ಮ ವಯಸ್ಸಾದವರು, ನಿಧಾನವಾಗಿ ಮಾತಾಡುವವರು. ಇಸಿಜಿ ತೆಗೆಸಿದರು, ರಕ್ತ ಪರೀಕ್ಷೆ ಮಾಡಿಸಿದರು, ಮತ್ತೆ ಒಮ್ಮೆ ಇಸಿಜಿ ತೆಗೆಸಿದರು. ಹೊರಗಿನ ಬೆಂಚಿನ ಮೇಲೆ ಕೂತು ಕಾಯುವಾಗ ಯಜಮಾನರು ನನ್ನ ಕೈ ಹಿಡಿದುಕೊಂಡಿದ್ದರು. ಆಸ್ಪತ್ರೆಯಲ್ಲಿ ನಾಲ್ಕು ಜನರ ಎದುರು ಅವರು ಹಾಗೆ ಕೈ ಹಿಡಿದದ್ದು ಅದೇ ಮೊದಲು. ಮಧ್ಯಾಹ್ನದ ಹೊತ್ತಿಗೆ ಒಳಗೆ ಕರೆದರು.

“ಹೃದಯ ಚಲೋ ಐತವ್ವಾ. ಏನೂ ಅಂಜಬ್ಯಾಡ್ರಿ,” ಎಂದರು ಡಾಕ್ಟರಮ್ಮ.

ಯಜಮಾನರು ದೊಡ್ಡ ಉಸಿರು ಬಿಟ್ಟದ್ದು ಕೇಳಿಸಿತು.

“ಇದು ಹೊಟ್ಟಿ ಆಸಿಡ್ಡು ಮ್ಯಾಲೆ ಬರೋದು. ರಾತ್ರಿ ಊಟ ಎಷ್ಟೊತ್ತಿಗೆ?”

“ಹನ್ನೊಂದು ಆಗ್ತೈತ್ರಿ. ಇವರು ಬಂದ ಮ್ಯಾಲೆ.”

“ಉಂಡು?”

“ಹಂಗ ಮಲಗಿಬಿಡ್ತೀನ್ರಿ.”

“ಅಲ್ಲಿ ತನಕ ಖಾಲಿ ಹೊಟ್ಟಿಲೆ ಇರ್ತೀರೇನು?”

ನಾನು ಯಜಮಾನರ ಮುಖ ನೋಡಿದೆ. “ಇಲ್ರಿ. ಎಂಟಕ್ಕ ಹುಡುಗರ ಜೋಡಿ ಸ್ವಲ್ಪ ತಿಂತೀನ್ರಿ. ನಾ ಕುಂತು ತಿಂದ್ರನ ಸಣ್ಣವ ತಿಂತಾನ.”

“ಸ್ವಲ್ಪ ಅಂದ್ರ?”

“ಒಂದೊಂದು ದಿನ ರೊಟ್ಟಿ, ಒಂದೊಂದು ದಿನ ಚಪಾತಿ. ಆಮ್ಯಾಲೆ ಹುಡುಗರು ತಾಟಿನ್ಯಾಗ ಬಿಟ್ಟಿದ್ದು ಚೆಲ್ಲಾಕ ಮನಸ್ಸು ಬರಂಗಿಲ್ಲ, ಅದೂ.”

“ಅದು ಊಟನ ಆತಲ್ಲವ್ವಾ.”

ಯಜಮಾನರು ನನ್ನ ಕಡೆ ತಿರುಗಿದರು. “ನೀ ಎಂಟಕ್ಕ ಉಂಡಿರ್ತಿ? ಮತ್ತ ನನ್ನ ಜೋಡಿ ಯಾಕ ಉಣ್ತಿ?”

“ನೀವು ಒಬ್ಬರ ಕುಂತು ಉಣ್ಣಬೇಕಲ್ಲ ಅಂತ.”

ಅವರು ಎರಡೂ ಕೈಯಿಂದ ಮುಖ ಒರೆಸಿಕೊಂಡು ಡಾಕ್ಟರಮ್ಮನಿಗೆ ಹೇಳಿದರು: “ಮೇಡಂ, ನಾನೂ ಗಣಿ ಮೆಸ್ಸಿನ್ಯಾಗ ಉಂಡ ಬಂದಿರ್ತೀನ್ರಿ. ಎಂಟೂವರೆಗೆ ಎಲ್ಲಾರ್ಗೂ ಚಪಾತಿ, ಅನ್ನ, ತತ್ತಿ ಪಲ್ಯ ಹಾಕ್ತಾರ. ಮನಿಗೆ ಬಂದ್ರ ಇಕಿ ನನಗಂತ ಅಡಗಿ ಮಾಡಿಟ್ಟು ಹಸಗೊಂಡು ಕುಂತಾಳ ಅಂತ ತಿಳ್ಕೊಂಡು ಬ್ಯಾಡ ಅನ್ನಾಕ ನನಗ ಬಾಯಿ ಬರ್ತಿದ್ದಿಲ್ಲ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿದರು. “ಹಂಗಾದ್ರ ನಿಮ್ಮ ಮನ್ಯಾಗ ನಾಕು ಮಂದಿ ಊಟನ ಇಬ್ಬರ ಮುಗಸ್ತೀರಿ ಅನ್ರಿ,” ಎಂದರು. ಯಜಮಾನರಿಗೆ ನಗು ತಡೆಯಲಾಗಲಿಲ್ಲ. ರಾತ್ರಿಯಿಂದ ಹಿಡಿದಿಟ್ಟಿದ್ದ ನನ್ನ ಅಳು ಆಗ ಬಂತು, ಅದರ ಜೊತೆಗೆ ನಗುವೂ ಬಂತು. ನರ್ಸು ಬಾಗಿಲಲ್ಲಿ ಇಣುಕಿ ನೋಡಿ ಹೋದಳು.

ಸುಧಾರಿಸಿಕೊಂಡ ಮೇಲೆ ಎದುರುಮನೆಯ ಅಕ್ಕನ ಮಾತನ್ನು ಡಾಕ್ಟರಮ್ಮನ ಮುಂದಿಟ್ಟೆ. ಏಳು ದಾಟಿದ ಮೇಲೆ ತಿಂದದ್ದೆಲ್ಲ ಕೊಬ್ಬಾಗುವುದು ನಿಜವೇ ಎಂದೆ.

“ನಿಮ್ಮ ಹೊಟ್ಟಿಗೆ ಗಡಿಯಾರ ನೋಡಾಕ ಬರತೈತೇನು?” ಎಂದು ಅವರು ನಕ್ಕರು. “ದಿನಕ್ಕ ಒಟ್ಟು ಎಷ್ಟು ತಿಂತೀರಿ, ಏನು ತಿಂತೀರಿ, ಎಷ್ಟು ಅಡ್ಡಾಡ್ತೀರಿ, ತೂಕಕ್ಕ ಅದು ದೊಡ್ಡದು. ತಡಾ ಮಾಡಿ ಉಣ್ಣೋರು ಹೆಚ್ಚಿಗಿ ಉಣ್ತಾರ, ನಿಮ್ಮಂಗ. ಜಲ್ದಿ ಉಣ್ಣೋದು ಚಲೋನ. ಆದ್ರ ಹೊತ್ತು ಒಂದರಿಂದನ ಎಲ್ಲಾ ಆಗಂಗಿಲ್ಲ. ನಿದ್ದಿ ಮಾತು ಬ್ಯಾರೆ. ಹೊಟ್ಟಿ ತುಂಬ ಉಂಡು ಹಂಗ ಮಲಗಿದ್ರ ಉರಿ ಏಳತೈತಿ, ನಿದ್ದಿ ಕೆಡತೈತಿ. ಉಂಡ ಮ್ಯಾಲೆ ಎರಡು ಮೂರು ತಾಸು ಬಿಟ್ಟು ಮಲಗ್ರಿ. ಹಂಗಂತ ಹಸಗೊಂಡೂ ಮಲಗಬ್ಯಾಡ್ರಿ. ಹಸಿವಾದ್ರ ಒಂದು ಬಾಳೆಹಣ್ಣು ತಿಂದ್ರ ಏನೂ ಆಗಂಗಿಲ್ಲ.”

ಕೆಲವು ದಿನಕ್ಕೆಂದು ಗುಳಿಗೆ ಬರೆದುಕೊಟ್ಟರು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಸ್ವಲ್ಪ ಎತ್ತರ ಮಾಡಿಕೊಳ್ಳಲು ಹೇಳಿದರು. ಯಜಮಾನರ ಗೊರಕೆಯ ವಿಷಯವನ್ನೂ ಹೇಳಿದೆ. ಅವರೂ ಮೈ ಸ್ವಲ್ಪ ಇಳಿಸಲಿ, ಆಮೇಲೂ ನಿಲ್ಲದಿದ್ದರೆ ಬರಲಿ ಎಂದರು.

ಆಸ್ಪತ್ರೆಯಿಂದ ಹೊರಗೆ ಬಂದಾಗ ಬಿಸಿಲು ಉರಿಯುತ್ತಿತ್ತು, ಲಾರಿಗಳ ಧೂಳು ಎಂದಿನಂತೆಯೇ ಇತ್ತು. ನನಗೆ ಮಾತ್ರ ಬೀದಿಯೆಲ್ಲ ಹೊಸದಾಗಿ ಕಂಡಿತು. ಯಜಮಾನರು ರಸ್ತೆ ಬದಿಯ ಅಂಗಡಿಯ ಮುಂದೆ ನಿಂತು ಕೇಳಿದರು: “ಎಳನೀರು ಕುಡೀತಿಯೇನು? ಇದಕ್ಕ ಡಾಕ್ಟರಮ್ಮ ಏನೂ ಅನ್ನಲಿಲ್ಲ.” ಇಬ್ಬರೂ ನಿಂತು ಕುಡಿದೆವು.

ಆಮೇಲೆ ಮನೆಯ ಕ್ರಮ ಬದಲಾಯಿತು. ಎಂಟರೊಳಗೆ ನಾನು ಮಕ್ಕಳ ಜೊತೆ ನನ್ನದೇ ತಾಟು ಇಟ್ಟುಕೊಂಡು ಸರಿಯಾಗಿ ಕೂತು ಉಣ್ಣತೊಡಗಿದೆ. ಮಕ್ಕಳ ತಾಟಿನಲ್ಲಿ ಉಳಿದದ್ದನ್ನು ಬೀದಿಯ ಹಸುವಿಗೆ ಹಾಕುತ್ತಿದ್ದೆ. ಯಜಮಾನರು ಮೆಸ್ಸಿನಲ್ಲಿ ಉಂಡು ಬರುತ್ತಿದ್ದರು. ಮೆಸ್ಸು ತಪ್ಪಿದ ದಿನ ಫೋನ್ ಮಾಡಿ ತಿಳಿಸುತ್ತಿದ್ದರು, ಆಗ ಒಂದು ರೊಟ್ಟಿ, ಸ್ವಲ್ಪ ಪಲ್ಯ ತೆಗೆದಿಡುತ್ತಿದ್ದೆ. ಉಳಿದ ದಿನ ಅವರು ಸ್ನಾನ ಮಾಡಿ ಬಂದ ಮೇಲೆ ಇಬ್ಬರೂ ಹೊರಗಿನ ಕಟ್ಟೆಯ ಮೇಲೆ ಒಂದೊಂದು ಲೋಟ ಮಜ್ಜಿಗೆ ಹಿಡಿದು ಕೂರುತ್ತಿದ್ದೆವು. ಮೊದಲ ಕೆಲವು ದಿನ ತಾಟಿಲ್ಲದೆ ಮಾತಾಡಲು ಇಬ್ಬರಿಗೂ ಮುಜುಗರವಾಗುತ್ತಿತ್ತು. ಮೊದಲು ಉಣ್ಣುತ್ತ ಮಾತಾಡುವಾಗ ಬರೀ ಉಪ್ಪು, ಖಾರ, ಮಕ್ಕಳ ಫೀಸು ಅಷ್ಟೇ ಬರುತ್ತಿದ್ದವು. ಈಗ ಅವರು ಗುಡ್ಡದ ಮೇಲಿನ ಕೆಲಸದ ವಿಚಾರ, ಅದು ತಮಗೆ ಎಷ್ಟು ಸಾಕಾಗಿದೆ ಎಂಬುದು, ಚೋರನೂರಿನ ಕಡೆ ತಾವು ಸಣ್ಣವರಿದ್ದಾಗ ಸೋದರಮಾವನ ಹೊಲದಲ್ಲಿ ಓಡಾಡಿದ್ದು, ಎಲ್ಲ ಹೇಳತೊಡಗಿದರು. ಅದೆಲ್ಲ ನನಗೆ ಗೊತ್ತೇ ಇರಲಿಲ್ಲ.

ಉರಿ ಮೊದಲು ಹೋಯಿತು. ನಿದ್ದೆ ಆಮೇಲೆ ಬಂತು. ಮೈ ಇಳಿಯುವುದಕ್ಕೆ ಎಲ್ಲಕ್ಕಿಂತ ತಡವಾಯಿತು, ಅದೂ ಎದುರುಮನೆಯ ಅಕ್ಕ ಮೆಚ್ಚುವಷ್ಟೇನೂ ಇಳಿಯಲಿಲ್ಲ. ಆದರೂ ಕಾಲುವೆ ದಂಡೆಯ ಮೇಲೆ ಅವರ ಜೊತೆ ಮಾತಾಡುತ್ತಲೇ ನಡೆಯುವಷ್ಟಾದೆ. ಯಜಮಾನರ ಗೊರಕೆ ಪೂರ್ತಿ ನಿಲ್ಲಲಿಲ್ಲ, ಸಣ್ಣದಾಯಿತು.

ನನಗೆ ಒಳಗೊಳಗೆ ಇನ್ನೊಂದು ಅಳುಕಿತ್ತು. ನಮ್ಮ ಅತ್ತೆ ಕಂಪ್ಲಿಯಲ್ಲಿ ದೊಡ್ಡ ಮಗನ ಮನೆಯಲ್ಲಿರುತ್ತಿದ್ದರು, ಆಗಾಗ ಬಂದು ಹೋಗುತ್ತಿದ್ದರು. ಗಂಡ ಬರುವ ಮೊದಲೇ ಸೊಸೆ ಉಂಡು ಕೂರುತ್ತಾಳೆ ಎಂದು ತಿಳಿದರೆ ಏನೆನ್ನುತ್ತಾರೋ ಎಂದು ಹೇಳಿಯೇ ಇರಲಿಲ್ಲ. ಒಂದು ಭಾನುವಾರ ಯಜಮಾನರಿಗೆ ರಜೆ ಸಿಕ್ಕಿತ್ತು. ಬೆಳಿಗ್ಗೆ ಯಾರೋ ಬಾಗಿಲನ್ನು ದಬದಬ ಬಡಿಯುವ ಸದ್ದಿಗೆ ಇಬ್ಬರೂ ಎದ್ದೆವು. ತೆರೆದರೆ ಅತ್ತೆ, ಕಂಪ್ಲಿಯ ಮೊದಲ ಬಸ್ಸಿಗೆ ಬಂದವರು, ತಲೆಯ ಮೇಲೆ ಸೆರಗು, ಕೈಯಲ್ಲಿ ಅಕ್ಕಿಯ ಚೀಲ. ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ಹಾಲಿನ ಪಾಕೀಟು ಹೊಸ್ತಿಲಲ್ಲೇ ಬಿದ್ದಿತ್ತು.

“ಏನಾತ್ರವ್ವಾ ನಿಮಗ? ಆವಾಗಿಂದ ಬಡೀಲಿಕತ್ತೀನಿ. ನನ್ನ ಎದಿ ಒಡದಂಗಾತು.”

“ನಿದ್ದಿ ಹತ್ತಿತ್ತು, ಅತ್ತಿ,” ಎಂದೆ.

“ಇಬ್ಬರಿಗೂ?”

ಚಹಾ ಕುಡಿಯುವಾಗ ಎಲ್ಲವನ್ನೂ ಹೇಳಿದೆ. ಆಸ್ಪತ್ರೆಯ ವಿಷಯ ಮುಚ್ಚಿಟ್ಟಿದ್ದಕ್ಕೆ ಬೈದರು. ಎರಡೆರಡು ಸಲ ಉಣ್ಣುತ್ತಿದ್ದುದನ್ನು ಕೇಳಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ನಾನು ಈಗ ಎಂಟಕ್ಕೇ ಉಣ್ಣುತ್ತೇನೆ ಎಂದು ಮೆಲ್ಲಗೆ ಹೇಳಿ ಅವರ ಮುಖ ನೋಡಿದೆ.

“ಅದಕ್ಯಾಕ ಅಂಜತಿ?” ಎಂದರು ಅತ್ತೆ. “ನಿಮ್ಮ ಮಾವ ಮಿಲ್ಲಿನಿಂದ ಬರೋ ಹೊತ್ತಿಗೆ ನಾ ಉಂಡು ಒಂದು ನಿದ್ದಿ ತಗದಿರ್ತಿದ್ದೆ. ತಾಟು ಮುಚ್ಚಿಟ್ಟಿರ್ತಿದ್ದೆ, ಬಂದು ಉಣ್ತಿದ್ರು. ಕಾಯ್ಕೊಂಡು ಕುಂದ್ರು ಅಂತ ನಿನಗ ಯಾರ ಹೇಳ್ಯಾರ?”

ಯಾರು ಹೇಳಿದ್ದರೆಂದು ನಾನು ಯೋಚಿಸಿದೆ. ಯಾರೂ ಹೇಳಿರಲಿಲ್ಲ. ಅತ್ತೆ ಎದ್ದು ಮೊರ ಕೇಳಿದರು. ಅವರು ತಂದ ಕಂಪ್ಲಿಯ ಅಕ್ಕಿಯನ್ನು ಯಜಮಾನರು ಚೀಲ ಬಿಚ್ಚಿ ಸುರಿದುಕೊಟ್ಟರು. ಮಕ್ಕಳು ಅಜ್ಜಿಯ ಪಕ್ಕಕ್ಕೆ ಬಂದು ಕೂತರು. ನಾನು ಮಧ್ಯಾಹ್ನದ ಅಡುಗೆಗೆ ಒಲೆ ಹಚ್ಚಿದೆ.