ಪಾಲುದಾರರನ್ನು ಆರಿಸುವುದು ಹೇಗೆ: ಹಳೇ ಫ್ರೀಜರ್ ವ್ಯಾಪಾರಿಯ ಉಚಿತ ಸಲಹೆ

ಗಿರಾಕಿ ಬಾರದ್ದಕ್ಕೆ ಹೋಟೆಲುಗಳು ಮುಚ್ಚುತ್ತವೆ ಎಂದು ನಂಬಿದವರು ಮುಂಬಾಗಿಲಿನಿಂದ ಮಾತ್ರ ಒಳಗೆ ಹೋದವರು. ನಾನು ಹಿಂಬಾಗಿಲಿನವನು. ಬಾಗಿಲು ಹಾಕಿದ ಹೋಟೆಲಿನ ಫ್ರೀಜರ್, ಗ್ರೈಂಡರ್, ಗ್ಯಾಸಿನ ಒಲೆ ಕೊಂಡು, ತೊಳೆದು ತಿಕ್ಕಿ, ಹೊಸದಾಗಿ ಬಾಗಿಲು ತೆರೆಯುವವನಿಗೆ ಮಾರುವುದು ನನ್ನ ಕಸುಬು. ಪುಣೆಗೆ ಬಂದಾಗ ಬರಿಗೈ. ಈಗ ನಿಗಡಿಯಲ್ಲಿ ಗೋದಾಮು ಇದೆ. ಇದಕ್ಕೆ ಯಾರಿಗಾದರೂ ಕೈಮುಗಿಯಬೇಕಾದರೆ, ತಪ್ಪು ಪಾಲುದಾರರನ್ನು ಆರಿಸಿಕೊಂಡ ಈ ಊರಿನ ಸಮಸ್ತ ಉತ್ಸಾಹಿಗಳಿಗೇ ಮುಗಿಯಬೇಕು.

ಪಾಲುದಾರರು ಜಗಳಾಡಿದಲ್ಲಿ ಸಾಮಾನು ಅಗ್ಗ. ಆ ಫ್ರೀಜರ್ ಇನ್ನೊಬ್ಬನಿಗೆ ಸಿಗುವುದಕ್ಕಿಂತ ನನ್ನಂಥವನಿಗೆ ಪುಕ್ಕಟೆ ಹೋದರೂ ಸರಿ ಅನ್ನುವಷ್ಟು ದೊಡ್ಡ ಮನಸ್ಸು ಇಬ್ಬರಿಗೂ ಬಂದಿರುತ್ತದೆ. ಉದ್ಘಾಟನೆಯ ದಿನ ಒಂದೇ ಬಣ್ಣದ ಅಂಗಿ ಹಾಕಿ, ಹೆಗಲ ಮೇಲೆ ಕೈ ಹಾಕಿಕೊಂಡು ನಿಂತ ಗೆಳೆಯರನ್ನು ಕಂಡರೆ ನನ್ನ ಕಾರ್ಡನ್ನು ಎರಡೆರಡು ಕೊಟ್ಟು ಬರುತ್ತೇನೆ. ಮುಂದೆ ಇಬ್ಬರೂ ಬೇರೆ ಬೇರೆ ಫೋನ್ ಮಾಡಬೇಕಾಗುತ್ತದಲ್ಲ.

ಇಷ್ಟೆಲ್ಲ ತಿಳಿದವನಿಗೇ ಪಾಲುದಾರ ಬೇಕಾದ. ಸೊಂಟ ಕೈಕೊಟ್ಟಿತು. ಭಾರ ಎತ್ತುವುದಿರಲಿ, ಬಗ್ಗಿ ಕಂಪ್ರೆಸರ್ ನೋಡುವುದೂ ಬೇಡ ಅಂದರು ಡಾಕ್ಟರು. ಉಳಿದದ್ದು ಎರಡೇ ದಾರಿ. ಸಾಮಾನನ್ನು ಮಾರುವ ಬದಲು ಬಾಡಿಗೆಗೆ ಕೊಡುವ ಹೊಸ ದಂಧೆ ಶುರು ಮಾಡಬೇಕು. ಅದಕ್ಕೆ ಫೋನು, ಕಂಪ್ಯೂಟರು, ಓಡಾಟ ನೋಡಿಕೊಳ್ಳುವ ಜೊತೆ ಬೇಕು. ಇಲ್ಲವೇ ಗೋದಾಮು ಖಾಲಿ ಮಾಡಬೇಕು. ಖಾಲಿ ಮಾಡಿದರೆ ಕೊಳ್ಳಲು ಬರುವವನು ಆಕುರ್ಡಿಯಲ್ಲಿ ಇದೇ ಕಸುಬು ಮಾಡುವ ಇನ್ನೊಬ್ಬ ವ್ಯಾಪಾರಿ. ನಾನು ಕಂಡವರಿಗೆಲ್ಲ ಕೊಟ್ಟ ದರವನ್ನೇ ನನಗೂ ಕೊಡುವವನು. ಅದಕ್ಕಿಂತ ಸೊಂಟನೋವು ಹಿತ.

ಮೊದಲ ಉಮೇದುವಾರ ಮನೆಯಲ್ಲೇ ಇದ್ದ, ಹೆಂಡತಿಯ ತಮ್ಮ. ನೀವೂ ಕೇಳಿಟ್ಟುಕೊಳ್ಳಿ: ಪಾಲುದಾರನಾಗುವವನ ಜೊತೆ ಊಟ ಮಾಡಿ ನೋಡಬೇಡಿ, ಜಗಳ ತೆಗೆದು ನೋಡಿ. ಊಟಕ್ಕೆ ಕೂತಾಗ ಎಲ್ಲರೂ ಸಜ್ಜನರೇ. ನಾನು ಜಗಳ ತೆಗೆಯಲು ಹೊರಟೆ.

"ಮೋಟರ್ ಸುಟ್ಟ ಗ್ರೈಂಡರ್ ಒಂದು ಬಂದದ. ಹೊಸಾದರ ರೇಟಿಗೆ ತಗೊಳ್ಳೂಣೇನು?"

"ತಗೊಳ್ಳೂಣ್ರಿ ಮಾಮಾ."

"ಮೋಟರ್ ಸುಟ್ಟದೋ!"

"ಸುಟ್ಟಿರ್ಲಿ ಬಿಡ್ರಿ. ನೀವು ಅಂತೀರಿ ಅಂದ್ರ ಏನರ ಲೆಕ್ಕಾಚಾರ ಇರ್ತದ."

"ತಗೊಂಡು ಪುಕ್ಕಟೆ ಹಂಚೂಣು."

"ಹಂಚೂಣ್ರಿ. ಹೆಸರು ಬರ್ತದ."

ಇವನ ಜೊತೆ ದಂಧೆ ಮಾಡುವುದೂ ಕನ್ನಡಿ ಮುಂದೆ ಕೂತು ಮೀಟಿಂಗ್ ನಡೆಸುವುದೂ ಒಂದೇ. ಕನ್ನಡಿ ಮಧ್ಯಾಹ್ನ ಮಲಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಎರಡನೆಯವಳು ಸಿಕ್ಕಿದ್ದು ಕೋಥರೂಡದಲ್ಲಿ ಒಂದು ಅಡುಗೆಮನೆ ಮುಚ್ಚುವಾಗ. ಮೈಸೂರು ಕಡೆಯವಳು, ಐಟಿ ಕೆಲಸ. ಗೆಳತಿಯ ಜೊತೆ ಸೇರಿ ಬಿಸಿಬೇಳೆಬಾತಿನ ಡಬ್ಬಿಗಳನ್ನು ಮನೆಮನೆಗೆ ಕಳಿಸುವ ವ್ಯಾಪಾರ ಮಾಡಿದ್ದಳು. ನಾನು ಹೋದಾಗ ಇಬ್ಬರೂ ಒಂದೇ ಕೋಣೆಯಲ್ಲಿ ನಿಂತು ನನ್ನ ಮೂಲಕ ಮಾತಾಡುತ್ತಿದ್ದರು. "ಫ್ರೀಜರ್ ಮಾರೋದಕ್ಕೆ ಅವರ ಅಭ್ಯಂತರ ಇಲ್ವಾ ಕೇಳಿ ಸರ್." ಆ 'ಅವರು' ಕೈಚಾಚಿದರೆ ಸಿಗುವಷ್ಟು ಹತ್ತಿರ ನಿಂತಿದ್ದರು. ನಾನು ಸಂತೋಷದಿಂದ ಕೇಳಿದೆ, ಸಂತೋಷದಿಂದ ಕಡಿಮೆ ದರ ಹೇಳಿದೆ. ಗೆಳತಿ ತಕ್ಷಣ ಹ್ಞೂಂ ಅಂದಳು.

"ಫ್ರೀಜರಿಗೆ ಇದು ತೀರಾ ಕಡಿಮೆ ಆಯ್ತು ಸರ್," ಅಂದಳು ಈಕೆ. "ಮತ್ತೆ ಓವನ್ನಲ್ಲಿ ಬಿಸಿ ಸರಿಯಾಗಿ ನಿಲ್ಲಲ್ಲ. ಅದಕ್ಕೆ ಬೇಕಾದ್ರೆ ಕಮ್ಮಿ ಕೊಡಿ."

ತನ್ನ ಸಾಮಾನಿನ ದೋಷವನ್ನು ತಾನಾಗಿ ಹೇಳುವ ಮಾರಾಟಗಾರರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಪಾಪ, ದಡ್ಡಿ ಅಂದುಕೊಂಡೆ. ಆದರೆ ಓವನ್ನಿನ ಬಗ್ಗೆ ಖರೆ ಹೇಳಿದವಳ ಫ್ರೀಜರನ್ನು ಅನುಮಾನಿಸಲು ಬಾಯಿ ಬರಲಿಲ್ಲ, ಕೇಳಿದಷ್ಟು ಕೊಟ್ಟೆ. ದಡ್ಡರು ಯಾರೆಂದು ಮೆಟ್ಟಿಲಿಳಿಯುವಾಗ ಹೊಳೆಯಿತು. ಮರುದಿನವೇ ಫೋನ್ ಮಾಡಿ ಹೊಸ ದಂಧೆಯ ವಿಷಯ ಹೇಳಿದೆ. ಒಂದು ಗಿರಾಕಿಯ ಕೆಲಸ ಜೊತೆಗೆ ಮಾಡಿ ನೋಡೋಣ, ಆಮೇಲೆ ಕಾಗದಪತ್ರ ಅಂದಳು.

ಸುದ್ದಿ ಕೇಳಿ ನನ್ನ ಹೆಂಡತಿ ಕೆಲಸ ಬಿಟ್ಟು ಬಂದು ಕೂತಳು. "ಇಷ್ಟು ದಿನ ಸೆಕೆಂಡ್ ಹ್ಯಾಂಡ್ ಸಾಮಾನು ತರ್ತಿದ್ರಿ. ಈಗ ಪಾರ್ಟ್ನರ್‌ನೂ ಸೆಕೆಂಡ್ ಹ್ಯಾಂಡ್ ತರ್ತೀರೇನು?"

"ಒಮ್ಮೆ ಕೆಟ್ಟ ಮಶೀನು ಎಲ್ಲಿ ಕೆಡ್ತದ ಅನ್ನೂದು ಗೊತ್ತಿರ್ತದ."

"ಹಂಗಾರ ನೀವು ಎಲ್ಲಿ ಕೆಡ್ತೀರಿ ಅಂತ ಆಕಿಗೆ ನಾ ಹೇಳ್ತೀನಿ. ಫೋನ್ ಹಚ್ಚಿ ಕೊಡ್ರಿ."

ಮೊದಲ ಗಿರಾಕಿ ಸದಾಶಿವ ಪೇಠದ ಮೆಸ್ಸಿನ ಮಾಲೀಕ, ಕ್ಲಾಸಿಗೆ ಬರುವ ಹುಡುಗರಿಗೆ ಊಟ ಹಾಕುವವನು. ಇಬ್ಬರೂ ಹೋದೆವು. ಫ್ರೀಜರ್, ಗ್ರೈಂಡರ್ ಎರಡೂ ಬಾಡಿಗೆಗೆ ಬೇಕಂತೆ. ಆದರೆ ಕೆಟ್ಟರೆ ಅದೇ ದಿನ ಬದಲಿ ಮಶೀನು ತಂದಿಡಬೇಕಂತೆ. ನಾನು ಮರಾಠಿಯಲ್ಲಿ ಎಳೆದಾಡಿದೆ, ಎದ್ದು ಹೊರಟಂತೆ ಮಾಡಿದೆ, ಕೊನೆಗೆ "ಆಯ್ತು, ನಿಮ್ಮ ಮಾತೇ ನಡೆಯಲಿ" ಎಂದು ಅವನ ಕೈಗೆ ಕೈ ತಟ್ಟಿದೆ. ಓಣಿಗಿಳಿದ ಮೇಲೆ ಈಕೆ ಸ್ಕೂಟರುಗಳ ನಡುವೆ ನಿಂತಳು.

"ಅದೇ ದಿನ ಬದಲಿ ಮಶೀನ್ ಯಾರು ಹೊತ್ಕೊಂಡು ಬರ್ತಾರೆ ಸರ್? ನಿಮ್ಮ ಸೊಂಟನಾ?"

"ಗಿರಾಕಿ ಕೈಬಿಟ್ಟು ಹೊಂಟಿದ್ದ ರೀ. ಮುಂದಿಂದು ಮುಂದ."

"ಪಕ್ಕದಲ್ಲೇ ಕೂತಿದ್ದೆ. ಒಂದ್ಸಲ ತಿರುಗಿ ನೋಡ್ಲಿಲ್ಲ ನೀವು."

"ಇಷ್ಟು ವರ್ಷ ಯಾರ ಕಡೆನೂ ನೋಡಿಲ್ಲ ನಾ."

"ನನ್ನ ಫ್ರೆಂಡ್ ಕೂಡ ಹೀಗೇ ಮಾಡ್ತಿದ್ಲು. ಒಂದ್ಸಲ ಆಯ್ತಲ್ಲ ಸರ್, ಸಾಕು." ರಿಕ್ಷಾ ಹತ್ತಿ ಹೋಗೇಬಿಟ್ಟಳು.

ನಾನು ತೆಗೆಯಬೇಕೆಂದಿದ್ದ ಜಗಳವನ್ನು ಆಕೆಯೇ ತೆಗೆದಿದ್ದಳು. ಪರೀಕ್ಷೆಗೆ ಕೂತವನು ನಾನಾಗಿದ್ದೆ.

ಚೌಕಾಶಿಯಲ್ಲಿ ಯಾರು ಮೊದಲು ಫೋನ್ ಮಾಡುತ್ತಾರೋ ಅವರ ದರ ಇಳಿಯಿತು. ಇದು ನಾನು ಎಷ್ಟೋ ಜನರಿಗೆ ಕೊಟ್ಟ ಸಲಹೆ. ಆದ್ದರಿಂದ ಫೋನನ್ನು ಮೇಜಿನ ಮೇಲಿಟ್ಟು ಎದುರು ಕೂತೆ. "ನೋಡ್ಕೋತ ಕುಂತ್ರ ಅದೇನು ಮರಿ ಹಾಕ್ತದೇನ್ರಿ?" ಅಂದಳು ಹೆಂಡತಿ.

ಕೊನೆಗೂ ಫೋನ್ ಬಂತು. ಆಕುರ್ಡಿಯವನದು. "ಸೊಂಟ ಭಾಳ ತ್ರಾಸು ಕೊಡ್ತಿದೆಯಂತೆ," ಅಂದ ಮರಾಠಿಯಲ್ಲಿ, ಬೆಣ್ಣೆಯಂಥ ದನಿಯಲ್ಲಿ. "ಹೊಸ ಪಾರ್ಟ್ನರೂ ಬಿಟ್ಟುಹೋದರಂತೆ. ಸಂಕೋಚ ಪಡಬೇಡಿ, ಫ್ರೀಜರುಗಳನ್ನೆಲ್ಲ ಒಟ್ಟಿಗೆ ತಗೊಂಡುಬಿಡ್ತೀನಿ. ಮನೆಯವನೇ ಅಂತ ತಿಳೀರಿ." ಕೊನೆಗೆ ಒಂದು ನಿಟ್ಟುಸಿರು. ಮಾತು, ಕರುಣೆ, ನಿಟ್ಟುಸಿರು ಎಲ್ಲ ನನ್ನವೇ. ಮುಚ್ಚುವ ಹೋಟೆಲಿನವರಿಗೆ ನಾನು ಹಂಚುತ್ತ ಬಂದ ಸರಕು. ಸುದ್ದಿ ಮುಟ್ಟಿಸಿದವನು ಯಾರೆಂದು ಕೇಳಬೇಕಿರಲಿಲ್ಲ. ಕೇಳಿದ್ದಕ್ಕೆಲ್ಲ ಹೆಂಡತಿಯ ತಮ್ಮ ಅವನಿಗೂ ಹ್ಞೂಂ ಅಂದಿದ್ದ.

ಫೋನಿಟ್ಟವನೇ ಆಕೆಗೆ ಹಚ್ಚಿದೆ. "ಮೊದಲ ಫೋನ್ ನಾನಽ ಮಾಡೀನಿ. ನಿಮ್ಮ ರೇಟ್ ಹೇಳ್ರಿ."

ಆಕೆಯ ರೇಟು ತಯಾರೇ ಇತ್ತು. "ಮೆಸ್ಸಿಗೆ ವಾಪಸ್ ಹೋಗಿ ಆ ಮಾತು ಹಿಂದಕ್ಕೆ ತಗೋಬೇಕು. ಇಬ್ಬರೂ ಹೋಗೋಣ. ಹೇಳೋದು ನೀವು."

ಕೈ ತಟ್ಟಿದ ಮೇಲೆ ಮಾತು ಬದಲಿಸಿದವನಿಗೆ ಈ ಬಜಾರಿನಲ್ಲಿ ಏನನ್ನುತ್ತಾರೆಂದು ಗೊತ್ತಿದ್ದೂ ಹೋದೆ. ಮಾಲೀಕ ಕೈಯಲ್ಲಿ ಸೌಟು ಹಿಡಿದು ನಿಂತಿದ್ದ. "ಅದೇ ದಿನ ಬದಲಿ ಕೊಡೋದು ಆಗೋದಿಲ್ಲ," ಅಂದೆ. "ನನ್ನ ಪಾರ್ಟ್ನರ್ ಒಪ್ಪಲಿಲ್ಲ." ಬೈಗುಳಕ್ಕೆ ಕಾದು ನಿಂತೆ.

ಅವನು ನನ್ನನ್ನು ನೋಡಿದ, ಆಕೆಯನ್ನು ನೋಡಿದ. ಆಕೆ ಮದುವೆಮನೆಯಲ್ಲಿ ನಿಂತವಳ ಹಾಗೆ ನಗುತ್ತಿದ್ದಳು.

"ಒಪ್ಪಲೇ ಇಲ್ವಾ?"

"ಎಷ್ಟು ಹೇಳಿದ್ರೂ ಇಲ್ಲ."

ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಒಬ್ಬ ಸಂಸಾರಸ್ಥ ಇನ್ನೊಬ್ಬನಿಗೆ ತೋರಿಸುವ ಮರುಕವಿತ್ತು. "ಮರುದಿನವಾದರೂ ಕೊಡ್ತೀರಾ?" ಅಂದ. ಬಾಯಿ ತೆರೆದವನು ಮುಚ್ಚಿಕೊಂಡು ಪಕ್ಕಕ್ಕೆ ತಿರುಗಿದೆ. ಆಕೆ ಸಾವಕಾಶವಾಗಿ ಯೋಚಿಸಿ, ಹೊಸದಾಗಿ ಕಲಿತ ಮರಾಠಿಯಲ್ಲಿ, ಮರುದಿನ ಆಗಬಹುದು, ಡಿಪಾಸಿಟ್ ಮಾತ್ರ ಸ್ವಲ್ಪ ಜಾಸ್ತಿ ಅಂದಳು. ಅವನು ಒಪ್ಪಿದ! ಇಷ್ಟು ವರ್ಷ ಒಂದೇ ಬಾಯಿಯಿಂದ ಚೌಕಾಶಿ ಮಾಡಿ ಎಷ್ಟು ಕಳೆದುಕೊಂಡೆನೋ ದೇವರೇ ಬಲ್ಲ.

ಓಣಿಗಿಳಿದ ಮೇಲೆ ಕೇಳಿದೆ, "ಇನ್ನ ಎಲ್ಲಾ ಕಡೆ ಪಾರ್ಟ್ನರ್ ಒಪ್ಪಲಿಲ್ಲ ಅಂತಽ ಅನ್ನೂಣೇನ್ರಿ?"

"ಇಲ್ಲ ಸರ್," ಅಂದಳು. "ಮುಂದಿನ ಗಿರಾಕಿ ಹತ್ರ ಒಪ್ಪದೇ ಇರೋರು ನೀವು."